ಇಡೀ ವರ್ಷಕ್ಕೆ ಒಂದೇ ಪೀರಿಯಡ್ ಮಾತು

ಮೊದಲು ಒಂದು ಲೆಕ್ಕ. ಹೈಸ್ಕೂಲಿನ ಇಂಗ್ಲಿಷ್ ಪೀರಿಯಡ್ 45 ನಿಮಿಷ ಅಂದುಕೊಳ್ಳಿ. ತರಗತಿಯಲ್ಲಿ 40 ಮಕ್ಕಳು. ತರಗತಿಯ ಮಾತುಕತೆಯನ್ನು ಅಳೆಯುವುದನ್ನೇ ಕೆಲಸ ಮಾಡಿಕೊಂಡಿದ್ದ ಅಮೆರಿಕದ ಸಂಶೋಧಕ ನೆಡ್ ಫ್ಲಾಂಡರ್ಸ್ ದಶಕಗಳ ಹಿಂದೆಯೇ ಒಂದು ಸೂತ್ರ ಹೇಳಿದ್ದರು. ತರಗತಿಯ ಸಮಯದಲ್ಲಿ ಮೂರರಲ್ಲಿ ಎರಡು ಪಾಲು ಯಾರಾದರೂ ಮಾತಾಡುತ್ತಿರುತ್ತಾರೆ. ಆ ಮಾತಿನಲ್ಲಿ ಮತ್ತೆ ಮೂರರಲ್ಲಿ ಎರಡು ಪಾಲು ಟೀಚರದ್ದು. ಅಂದರೆ 45 ನಿಮಿಷದಲ್ಲಿ ಮಾತು ನಡೆಯುವುದು 30 ನಿಮಿಷ. ಅದರಲ್ಲಿ ಟೀಚರಿಗೆ 20, ಮಕ್ಕಳಿಗೆಲ್ಲ ಸೇರಿ 10. ಆ ಹತ್ತು ನಿಮಿಷವನ್ನು 40 ಜನರಿಗೆ ಹಂಚಿದರೆ ತಲೆಗೆ 15 ಸೆಕೆಂಡು.

ವಾರಕ್ಕೆ ಐದು ಪೀರಿಯಡ್, ವರ್ಷಕ್ಕೆ 36 ವಾರ ಪಾಠ ನಡೆಯಿತು ಎಂದು ಹಿಡಿದರೆ ಒಟ್ಟು 180 ಪೀರಿಯಡ್. ದಿನಕ್ಕೆ 15 ಸೆಕೆಂಡಿನಂತೆ ಒಂದು ಮಗು ಇಡೀ ವರ್ಷ ಇಂಗ್ಲಿಷಿನಲ್ಲಿ ಬಾಯಿ ಬಿಡುವುದು 45 ನಿಮಿಷ. ಸರಿಯಾಗಿ ಒಂದು ಪೀರಿಯಡ್!

ಇದೂ ಉದಾರವಾದ ಲೆಕ್ಕವೇ. ಮಾತು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಮುಂದಿನ ಬೆಂಚಿನ ನಾಲ್ಕೈದು ಜನ ಅದರಲ್ಲಿ ಬಹುಪಾಲನ್ನು ತೆಗೆದುಕೊಂಡುಬಿಡುತ್ತಾರೆ. ಲಾಸ್ಟ್ ಬೆಂಚಿನವರ ಪಾಲಿಗೆ ಉಳಿಯುವುದು 'ಯೆಸ್ ಮಿಸ್', 'ನೋ ಸರ್'. ಇಷ್ಟಾದ ಮೇಲೆ ನಾವು ಕೇಳುತ್ತೇವೆ: ಇಷ್ಟು ವರ್ಷ ಇಂಗ್ಲಿಷ್ ಓದಿದರೂ ಎರಡು ಮಾತಾಡಲು ಯಾಕೆ ಬರುವುದಿಲ್ಲ? ಮಕ್ಕಳು ದಡ್ಡರಾ, ಟೀಚರ್ ಸರಿಯಿಲ್ವಾ, ಪುಸ್ತಕ ಹಳೆಯದಾ ಎಂದು ಕಾರಣ ಹುಡುಕುತ್ತೇವೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಆ ಭಾಷೆಯ ಜೊತೆ ಒಬ್ಬೊಬ್ಬ ಮಗುವಿಗೆ ನಿಜವಾಗಿ ಎಷ್ಟು ನಿಮಿಷ ಸಿಕ್ಕಿತು?

ಗಂಟೆ ಬಾರಿಸಿದರೆ ಮುಗಿಯಿತು

ಇಂಗ್ಲಿಷ್ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಭಾಷಾಶಾಸ್ತ್ರಜ್ಞ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷ್ ಜಗತ್ತನ್ನು ಮೂರು ವೃತ್ತಗಳಾಗಿ ಬಿಡಿಸಿ ತೋರಿಸಿದರು. ಅದು ಮನೆಮಾತಾಗಿರುವ ದೇಶಗಳು ಒಳವೃತ್ತ. ಮನೆಮಾತಲ್ಲದಿದ್ದರೂ ಕಚೇರಿ, ಕೋರ್ಟು, ಕಾಲೇಜುಗಳಲ್ಲಿ ಬಳಕೆಯಲ್ಲಿರುವ ದೇಶಗಳು ಎರಡನೆಯದು. ಶಾಲೆಯಲ್ಲಿ ಕಲಿಯುವ ವಿದೇಶಿ ಭಾಷೆಯಾಗಿ ಮಾತ್ರ ಇರುವ ಜಪಾನ್, ಕೊರಿಯಾ, ಚೀನಾದಂಥ ದೇಶಗಳು ಮೂರನೆಯದು. ಆದರೆ ವೃತ್ತದ ಗೆರೆ ದೇಶದ ಗಡಿಯಲ್ಲೇ ನಿಲ್ಲುವುದಿಲ್ಲ. ಒಂದೇ ದೇಶದ ಒಂದು ಮನೆಯಲ್ಲಿ ಇಂಗ್ಲಿಷ್ ದಿನವಿಡೀ ಕಿವಿಗೆ ಬೀಳುತ್ತಿರಬಹುದು, ಪಕ್ಕದ ಮನೆಯ ಹುಡುಗಿಗೆ ಪೀರಿಯಡ್ಡಿನ ಗಂಟೆ ಬಾರಿಸಿದ ಕೂಡಲೇ ಅದು ಮುಗಿದೇ ಹೋಗಬಹುದು. ಇಬ್ಬರಿಗೂ ಒಂದೇ ಸಿಲಬಸ್, ಒಂದೇ ಪರೀಕ್ಷೆ.

ಹೊರಗೆ ಸಿಗುವ ಭಾಷೆ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಯುರೋಪಿನಲ್ಲೊಂದು ಪುರಾವೆ ಇದೆ. 2011ರಲ್ಲಿ 14 ದೇಶಗಳ ಸುಮಾರು 54,000 ಶಾಲಾ ಮಕ್ಕಳಿಗೆ ಭಾಷಾ ಪರೀಕ್ಷೆ ನಡೆಯಿತು. ಮೊದಲ ವಿದೇಶಿ ಭಾಷೆಯನ್ನು ಸ್ವತಂತ್ರವಾಗಿ ಬಳಸಬಲ್ಲ ಮಟ್ಟ ಮುಟ್ಟಿದವರು ಸ್ವೀಡನ್ನಿನಲ್ಲಿ ನೂರಕ್ಕೆ 82, ಫ್ರಾನ್ಸಿನಲ್ಲಿ 14. ಎರಡೂ ಕಡೆ ಆ ಭಾಷೆ ಇಂಗ್ಲಿಷೇ. ಸ್ವೀಡಿಷ್ ಇಂಗ್ಲಿಷಿಗೆ ಹತ್ತಿರದ ನೆಂಟ ಎಂಬುದು ಒಂದು ಕಾರಣ, ನಿಜ. ಇನ್ನೊಂದು ಕಾರಣ ಟಿವಿ. ಸ್ವೀಡನ್ನಿನಲ್ಲಿ ಇಂಗ್ಲಿಷ್ ಕಾರ್ಯಕ್ರಮಗಳಿಗೆ ಕೆಳಗೆ ಸ್ವೀಡಿಷ್ ಅಕ್ಷರ ಹಾಕಿ ಮೂಲ ದನಿಯಲ್ಲೇ ತೋರಿಸುತ್ತಾರೆ. ಫ್ರಾನ್ಸಿನಲ್ಲಿ ಹೆಚ್ಚಾಗಿ ಡಬ್ಬಿಂಗ್. ಹಾಗಾಗಿ ಸ್ವೀಡನ್ನಿನ ಮಕ್ಕಳು ಶಾಲೆಯ ಹೊರಗೂ ಬಹಳಷ್ಟು ಇಂಗ್ಲಿಷ್ ಕೇಳಿರುತ್ತಾರೆ. ಆ ಫಲಿತಾಂಶವನ್ನು ಪೂರ್ತಿ ಅಲ್ಲಿನ ಮೇಷ್ಟ್ರುಗಳ ಖಾತೆಗೆ ಬರೆಯಲು ಆಗದು.

ಹಾಗಾದರೆ ಶಾಲೆಯ ಗಂಟೆಗಳು ಸಾಲುವುದಿಲ್ಲವಾ? ಕಾಗದದ ಮೇಲೆ ಸಾಲುತ್ತವೆ. ಯುರೋಪ್ ಕೌನ್ಸಿಲ್ 2001ರಲ್ಲಿ ಭಾಷೆಯ ಮಟ್ಟಗಳನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಾಗಿ ಗುರುತಿಸಿತು. ಬಿ1 ಅಂದರೆ ಪರಿಚಿತ ವಿಷಯಗಳ ಬಗ್ಗೆ ತನ್ನ ಮಟ್ಟಿಗೆ ಹೇಳಿಕೊಂಡು, ಕೇಳಿಕೊಂಡು ಹೋಗಬಲ್ಲ ಮಟ್ಟ. ಇಂಗ್ಲಿಷ್ ಪರೀಕ್ಷೆಗಳನ್ನು ನಡೆಸುವ ಕೇಂಬ್ರಿಜ್‌ನವರ ಅಂದಾಜಿನಲ್ಲಿ ಸೊನ್ನೆಯಿಂದ ಅಲ್ಲಿಗೆ ಮುಟ್ಟಲು 350ರಿಂದ 400 ಗಂಟೆಗಳ ಪಾಠ ಬೇಕು. ಅದರ ಮೇಲಿನ ಬಿ2ಗೆ 500ರಿಂದ 600. ನಮ್ಮ ಲೆಕ್ಕದ 180 ಪೀರಿಯಡ್ ಅಂದರೆ ವರ್ಷಕ್ಕೆ 135 ಗಂಟೆ. ಮೂರು ವರ್ಷಕ್ಕೆ ಬಿ1 ಮುಟ್ಟಬೇಕು, ಐದು ವರ್ಷಕ್ಕೆ ಬಿ2 ದಾಟಬೇಕು. ಎಷ್ಟೋ ಮಕ್ಕಳು ದಾಟುವುದಿಲ್ಲ. ಗಂಟೆ ಇದೆ, ಆದರೆ ಆ ಗಂಟೆಯೊಳಗೆ ಮಗುವಿನ ತಲೆ ಇಂಗ್ಲಿಷಿನಲ್ಲಿ ಕೆಲಸ ಮಾಡಿದ ಹೊತ್ತು ಕಡಿಮೆ.

ಇಲ್ಲಿ ಒಂದು ಸಮಾಧಾನದ ಮಾತೂ ಇದೆ. 'ಚಿಕ್ಕ ವಯಸ್ಸಲ್ಲೇ ಶುರು ಮಾಡಬೇಕಿತ್ತು, ಈಗ ತಡವಾಯ್ತು' ಎಂದು ಹೈಸ್ಕೂಲ್ ಮಕ್ಕಳ ಬಗ್ಗೆ ಹೇಳುವವರು ಜಾಸ್ತಿ. ಭಾಷಾ ಕಲಿಕೆಯ ಸಂಶೋಧಕಿ ಕಾರ್ಮೆನ್ ಮುನ್ಯೋಸ್ ತಂಡ ಬಾರ್ಸಿಲೋನಾದಲ್ಲಿ ವರ್ಷಗಟ್ಟಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಹಾಗೆ ಹೇಳುವುದಿಲ್ಲ. ಪಾಠದ ಗಂಟೆ ಒಂದೇ ಆಗಿದ್ದಾಗ, ತಡವಾಗಿ ಶುರು ಮಾಡಿದ ಮಕ್ಕಳು ಬೇಗ ಶುರು ಮಾಡಿದವರಿಗಿಂತ ವೇಗವಾಗಿ ಕಲಿತಿದ್ದರು. ಪುಟ್ಟ ಮಕ್ಕಳು ಭಾಷೆಯನ್ನು ಹೀರಿಕೊಳ್ಳುತ್ತಾರೆ ಎಂಬುದು ಸುತ್ತಲೂ ಭಾಷೆ ಹರಿಯುತ್ತಿರುವಾಗ ಸರಿ. ವಾರಕ್ಕೆ ಮೂರ್ನಾಲ್ಕು ಗಂಟೆಯ ಹನಿಯಲ್ಲಿ ಹೀರಿಕೊಳ್ಳಲು ಏನಿದೆ? ಅಲ್ಲಿ ಹದಿಮೂರರ ಹುಡುಗಿಯ ಯೋಚನಾಶಕ್ತಿಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಪ್ಯಾಸಿವ್ ವಾಯ್ಸಿನ ಮೋಹ

ಆ 45 ನಿಮಿಷ ಹೋಗುವುದಾದರೂ ಎಲ್ಲಿಗೆ? ದೊಡ್ಡ ಪಾಲು ಭಾಷೆಯ ಬಗ್ಗೆ ಮಾತಾಡುವುದಕ್ಕೆ ಹೋಗುತ್ತದೆ. 'ರಾಮ ಹಾವನ್ನು ಕೊಂದನು' ಎಂಬ ಮಾದರಿಯ ವಾಕ್ಯವನ್ನು ಆಕ್ಟಿವ್ ವಾಯ್ಸಿನಿಂದ ಪ್ಯಾಸಿವ್ ವಾಯ್ಸಿಗೆ ತಿರುಗಿಸುವ ಆಟ ಯಾರಿಗೆ ನೆನಪಿಲ್ಲ? ನಿಜ ಜೀವನದಲ್ಲಿ ಯಾರೂ ಒಂದು ವಾಕ್ಯವನ್ನು ಆಕ್ಟಿವಿನಲ್ಲಿ ಯೋಚಿಸಿ ಆಮೇಲೆ ಪ್ಯಾಸಿವಿಗೆ ತಿರುಗಿಸಿ ಮಾತಾಡುವುದಿಲ್ಲ. ಆದರೆ ಅದಕ್ಕೆ ಉತ್ತರ ಒಂದೇ, ತಿದ್ದುವುದು ಸುಲಭ, ಮಾರ್ಕ್ಸ್ ಕೊಡುವುದು ಇನ್ನೂ ಸುಲಭ. ಹಾಗಾಗಿ ಅದು ಉಳಿದುಕೊಂಡಿದೆ.

ಈ ಪದ್ಧತಿಯ ಬೇರು ಲ್ಯಾಟಿನ್ ಪಾಠದಲ್ಲಿದೆ. ಯಾರೂ ಮಾತಾಡದ ಭಾಷೆಯನ್ನು ಓದಿಸಲು ಮಾಡಿಕೊಂಡ ವಿಧಾನವನ್ನು ಯುರೋಪಿನ ಶಾಲೆಗಳು ಜೀವಂತ ಭಾಷೆಗಳಿಗೂ ಅಂಟಿಸಿದವು: ನಿಯಮ ಬಾಯಿಪಾಠ ಮಾಡು, ಪದಪಟ್ಟಿ ಉರು ಹೊಡೆ, ಅನುವಾದ ಮಾಡು. ಜರ್ಮನಿಯ ವಿಲ್ಹೆಲ್ಮ್ ಫಿಯೆಟರ್ 1882ರಲ್ಲೇ 'ಭಾಷಾಪಾಠ ದಿಕ್ಕು ಬದಲಿಸಬೇಕು' ಎಂದು ಕಿರುಹೊತ್ತಗೆ ಬರೆದು ಜಗಳ ತೆಗೆದರು. ಅದಕ್ಕೂ ನಾಲ್ಕು ವರ್ಷ ಮೊದಲು, 1878ರಲ್ಲಿ, ಬರ್ಲಿಟ್ಜ್ ಎಂಬುವರು ಅಮೆರಿಕದಲ್ಲಿ ಭಾಷಾ ಶಾಲೆ ತೆರೆದಿದ್ದರು. ಮಾತೃಭಾಷೆ ಬೇಡವೇ ಬೇಡ, ಎಲ್ಲವೂ ಕಲಿಯುವ ಭಾಷೆಯಲ್ಲೇ ಆಗಬೇಕು ಎಂಬುದು ಆ ಶಾಲೆಗಳ ಹಾದಿಯಾಯಿತು. ಆಮೇಲೆ ಒಂದರ ಹಿಂದೆ ಒಂದು ವಿಧಾನ ಬಂದವು, ಹೋದವು. ಪ್ರತಿಯೊಂದೂ ಬಂದಾಗ 'ಇದೇ ಕೊನೆಯ ಮದ್ದು' ಎಂಬ ಗಲಾಟೆ.

ಈ ಸಾಲಿನಲ್ಲಿ ನನಗೆ ಹೆಚ್ಚು ಗಂಭೀರವಾಗಿ ಕಾಣುವುದು ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ಪ್ರಯೋಗ. ಜಗತ್ತಿನ ಭಾಷಾ ಶಿಕ್ಷಣದ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಟ್ಟಿಯನ್ನೇ ಬದಿಗಿಟ್ಟು ಅವರು ಪಾಠ ನಡೆಸಿದರು. ಮಕ್ಕಳಿಗೆ ಕೊಟ್ಟದ್ದು ಸಮಸ್ಯೆಗಳು. ರೈಲಿನ ವೇಳಾಪಟ್ಟಿ ನೋಡಿ ಯಾವ ರೈಲು ಹಿಡಿಯಬೇಕು ಹೇಳು, ನಕ್ಷೆ ನೋಡಿ ದಾರಿ ಹುಡುಕು, ಇಂಥವು. ಮಗುವಿನ ಗಮನವೆಲ್ಲ ಉತ್ತರದ ಮೇಲೆ. ಉತ್ತರ ಸಿಗಬೇಕಾದರೆ ಇಂಗ್ಲಿಷನ್ನು ಅರ್ಥ ಮಾಡಿಕೊಳ್ಳಲೇಬೇಕು. ಇವತ್ತು ಜಗತ್ತಿನಾದ್ಯಂತ 'ಟಾಸ್ಕ್ ಆಧಾರಿತ ಕಲಿಕೆ' ಎಂದು ಕರೆಯುವುದಕ್ಕೆ ಇದು ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು.

ತಮಾಷೆ ಅಂದರೆ ಪ್ರಭು ಗುಂಪು ಚಟುವಟಿಕೆಗೆ ಒತ್ತು ಕೊಡಲಿಲ್ಲ. ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿದರೆ ಒಬ್ಬರ ತಪ್ಪು ಇಂಗ್ಲಿಷ್ ಇನ್ನೊಬ್ಬರಿಗೆ ಮಾದರಿಯಾಗುತ್ತದೆ ಎಂಬ ಅಳುಕು ಅವರಿಗಿತ್ತು. ನಾನು ಮೇಲೆ ಹಾಕಿದ ಸೆಕೆಂಡಿನ ಲೆಕ್ಕಕ್ಕೆ ಇದು ಒಳ್ಳೆಯ ತಿದ್ದುಪಡಿ. ಬಾಯಿ ಆಡಿದ ಹೊತ್ತನ್ನು ಮಾತ್ರ ಎಣಿಸಿದರೆ ಸಾಲದು. ಸುಮ್ನೆ ಕೂತು ರೈಲಿನ ವೇಳಾಪಟ್ಟಿ ಬಿಡಿಸುತ್ತಿರುವ ಹುಡುಗನೂ ಇಂಗ್ಲಿಷಿನಲ್ಲೇ ಇದ್ದಾನೆ. ಬೋರ್ಡಿನಿಂದ ಉತ್ತರ ನಕಲು ಮಾಡುತ್ತಿರುವವನು ಇಲ್ಲ.

ಹಾಗಂತ ಬಾಯಿ ಬಿಡದೆ ಕೆಲಸ ಆಗುತ್ತದಾ? ಕೆನಡಾದ ಅನುಭವ ಬೇರೆ ಹೇಳಿತು. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದರು. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಗಟ್ಟಿಗರಾದರು. ಮಾತು, ಬರಹದಲ್ಲಿ ಮಾತ್ರ ತಪ್ಪುಗಳು ಹಾಗೇ ಉಳಿದವು. ಅಲ್ಲಿನ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಇದನ್ನಿಟ್ಟುಕೊಂಡು ವಾದಿಸಿದರು: ಅರ್ಥ ಮಾಡಿಕೊಳ್ಳುವಾಗ ವ್ಯಾಕರಣವನ್ನು ಹಾರಿಸಿಕೊಂಡು ಹೋಗಬಹುದು, ಹೇಳಲು ಹೊರಟಾಗಲೇ ಎಲ್ಲಿ ಕೊರತೆಯಿದೆ ಎಂದು ತಿಳಿಯುವುದು. 'ನಾನು ನಿನ್ನೆ ಪುಸ್ತಕ ಓದಿದೆ' ಎಂದು ಯೋಚಿಸುವ ನಮ್ಮ ಹುಡುಗಿ 'ಐ ಎಸ್ಟರ್‌ಡೇ ಬುಕ್ ರೆಡ್' ಅಂದಳು ಅಂದುಕೊಳ್ಳಿ. ಕ್ರಿಯಾಪದ ಕೊನೆಗೆ ಬರುವ ಭಾಷೆಯವರಿಗೆ ಅದು ಸಹಜ. 'ಎ', 'ದ' ಬಿಟ್ಟುಹೋಗುವುದೂ ಸಹಜ, ಕನ್ನಡದಲ್ಲಾಗಲಿ ಜಪಾನಿಯಲ್ಲಾಗಲಿ ರಷ್ಯನ್ನಿನಲ್ಲಾಗಲಿ ಅವು ಇಲ್ಲವಲ್ಲ. ವ್ಯಾಕರಣ ಬೇಕಾಗುವುದು ಆ ಹೊತ್ತಿಗೆ. ಹೇಳಬೇಕಾದದ್ದು ಬಾಯಿಗೆ ಬಂದು ತಡವರಿಸಿದಾಗ ಎರಡು ನಿಮಿಷ ಹೇಳಿಕೊಟ್ಟ ನಿಯಮ, ಹೇಳಲು ಏನೂ ಇಲ್ಲದಾಗ ಬೋರ್ಡಿನ ಮೇಲೆ ಬರೆದ ಇಪ್ಪತ್ತು ನಿಯಮಗಳಿಗಿಂತ ಗಟ್ಟಿ.

ಮಾತೃಭಾಷೆಯ ಜಗಳವನ್ನೂ ಇದೇ ಅಳತೆಗೋಲಿಗೆ ಹಚ್ಚಬಹುದು. ಒಂದು ಪದದ ಅರ್ಥವನ್ನು ಮನೆಮಾತಿನಲ್ಲಿ ಹೇಳಲು ಎರಡು ಸೆಕೆಂಡು. ಅದನ್ನೇ ಕೈಬಾಯಿ ಸನ್ನೆ ಮಾಡಿ, ಚಿತ್ರ ಬರೆದು ತೋರಿಸಲು ಮೂರು ನಿಮಿಷ, ಆಮೇಲೂ ಅನುಮಾನ. ಅಲ್ಲಿ ಮನೆಮಾತು ಬಳಸಿ ಉಳಿದ ಸಮಯ ಇಂಗ್ಲಿಷಿಗೆ ಕೊಡುವುದೇ ಜಾಣತನ. ಆದರೆ ಪಾಠವನ್ನು ಸಾಲುಸಾಲಾಗಿ ಅನುವಾದಿಸುತ್ತ ಹೋದರೆ ಮಕ್ಕಳು ಇಂಗ್ಲಿಷ್ ಸಾಲಿಗೆ ಕಿವಿ ಮುಚ್ಚಿ ಅನುವಾದಕ್ಕೆ ಕಾಯುತ್ತಾರೆ. ಆಗ 45 ನಿಮಿಷವೂ ಮನೆಮಾತಿನ ಪೀರಿಯಡ್ಡೇ.

ಓದಿನ ಲೆಕ್ಕ ಬೇರೆ

ಮಾತಿಗೆ ಸರದಿ ಬೇಕು, ಓದಿಗೆ ಬೇಡ. ಈ ಸಣ್ಣ ಸಂಗತಿಯನ್ನು ಶಾಲೆಗಳು ಬಳಸಿಕೊಳ್ಳುತ್ತಲೇ ಇಲ್ಲ. 40 ಮಕ್ಕಳು ಒಟ್ಟಿಗೆ ಹದಿನೈದು ನಿಮಿಷ ಓದಿದರೆ ಪ್ರತಿಯೊಬ್ಬರಿಗೂ ಪೂರ್ತಿ ಹದಿನೈದು ನಿಮಿಷ ಸಿಗುತ್ತದೆ. ಆದರೆ ನಾವು ಓದನ್ನೂ ಸರದಿಗೆ ಹಾಕಿದ್ದೇವೆ. ಒಬ್ಬ ಎದ್ದು ನಿಂತು ಪಾಠ ಓದುತ್ತಾನೆ, ಉಳಿದ 39 ಜನ ತಮ್ಮ ಪ್ಯಾರಾ ಯಾವಾಗ ಬರುತ್ತದೆ ಎಂದು ಎಣಿಸುತ್ತ ಕೂರುತ್ತಾರೆ.

ಎಷ್ಟು ಓದಬೇಕು ಎಂಬುದಕ್ಕೂ ಅಂದಾಜು ಇದೆ. ಇಂಗ್ಲಿಷ್ ಬೋಧನೆಯ ತಜ್ಞ ಮೈಕಲ್ ವೆಸ್ಟ್ 1953ರಲ್ಲಿ ಹೊರತಂದ ಹೆಚ್ಚು ಬಳಕೆಯ ಪದಗಳ ಪಟ್ಟಿಯಲ್ಲಿ ಸುಮಾರು 2,000 ಪದಗಳಿವೆ. ಸಾಮಾನ್ಯ ಬರಹದಲ್ಲಿ ನೂರಕ್ಕೆ ಸುಮಾರು 80 ಪದಗಳು ಇಂಥ ಪಟ್ಟಿಯೊಳಗೇ ಸಿಗುತ್ತವೆ. 80 ಅಂದರೆ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಪ್ರತಿ ಐದು ಪದಕ್ಕೆ ಒಂದು ಗೊತ್ತಿಲ್ಲದ ಪದ ಬಂದರೆ ಓದು ಕಲ್ಲುದಾರಿ. ಆರಾಮಾಗಿ ಓದಲು ನೂರಕ್ಕೆ 98 ಪದ ಗೊತ್ತಿರಬೇಕು. ಕಾದಂಬರಿ, ಪತ್ರಿಕೆಗಳನ್ನು ಹಾಗೆ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಪದ, ಅದರ ಬೇರೆಬೇರೆ ರೂಪಗಳು ಸೇರಿ ಒಂದು ಕುಟುಂಬ) ಬೇಕು ಎಂದು ಪದಸಂಪತ್ತಿನ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಇಷ್ಟು ಪದಗಳನ್ನು ಯಾವ ಟೀಚರೂ ಒಂದೊಂದಾಗಿ ಹೇಳಿಕೊಡಲಾರರು. ಒಂದು ಪದ ನೆಲೆ ನಿಲ್ಲಲು ಬೇರೆಬೇರೆ ಕಡೆ ಮತ್ತೆಮತ್ತೆ ಎದುರಾಗಬೇಕು. ವರ್ಷಕ್ಕೆ ಒಂದೇ ತೆಳ್ಳನೆ ಪಠ್ಯಪುಸ್ತಕ ಓದುವ ಮಗುವಿಗೆ ಆ ಅವಕಾಶ ಎಲ್ಲಿಂದ ಬರಬೇಕು?

ಫಿಜಿ ದ್ವೀಪಗಳ ಹಳ್ಳಿ ಶಾಲೆಗಳಲ್ಲಿ ಸಂಶೋಧಕರಾದ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಮಾಡಿದ್ದು ಇದನ್ನೇ. ತರಗತಿಗಳಿಗೆ ತಲಾ 250 ಕಥೆಪುಸ್ತಕ ತಂದು ಸುರಿದರು. ಚಿತ್ರಗಳಿರುವ, ಮಕ್ಕಳಿಗೆ ಹಿಡಿಸುವ ಪುಸ್ತಕಗಳು. ಎಂಟು ತಿಂಗಳಿಗೆ ಆ ಮಕ್ಕಳ ಓದುವ, ಕೇಳುವ ಶಕ್ತಿ ಮಾಮೂಲಿನ ಎರಡು ಪಟ್ಟು ವೇಗದಲ್ಲಿ ಬೆಳೆದಿತ್ತು. 1983ರಲ್ಲಿ ಪ್ರಕಟವಾದ ಈ ಕೆಲಸದ ಮಕ್ಕಳು ಹೈಸ್ಕೂಲಿಗಿಂತ ಚಿಕ್ಕವರು, ಅದನ್ನು ಮರೆಯಬಾರದು. ಆದರೆ ಹೈಸ್ಕೂಲ್ ಮಕ್ಕಳಿಗೆ ಕಥೆ ಬೇಡ ಎಂದವರು ಯಾರು? ಅವರ ಮಟ್ಟಕ್ಕಿಂತ ತುಸು ಸುಲಭವಾದ ಪುಸ್ತಕ ಬೇಕು, ಅಷ್ಟೇ. ನಾವು ಕೊಡುವುದು ಯಾವಾಗಲೂ ಕಷ್ಟದ್ದನ್ನೇ.

ಪರೀಕ್ಷೆ ಕೇಳಿದ್ದೇ ಪಾಠ

ದಕ್ಷಿಣ ಕೊರಿಯಾದಲ್ಲಿ ಪ್ರತಿ ನವೆಂಬರ್‌ನಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ದಿನ ಸುಮಾರು 35 ನಿಮಿಷ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇಂಗ್ಲಿಷ್ ಆಲಿಸುವ ಪರೀಕ್ಷೆಗೆ ಸದ್ದು ಅಡ್ಡಿಯಾಗಬಾರದು ಎಂದು. 45 ಪ್ರಶ್ನೆಗಳಲ್ಲಿ 17 ಆಲಿಸುವಿಕೆಯವು. ಮಾತಿನ ಪರೀಕ್ಷೆ ಇಲ್ಲ. ಆಕಾಶವನ್ನೇ ನಿಲ್ಲಿಸುವ ದೇಶಕ್ಕೂ ಲಕ್ಷಾಂತರ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿ ಅಂಕ ಕೊಡುವುದು ಸುಲಭವಲ್ಲ. ಜಪಾನ್ ಒಂದು ಕೈ ನೋಡಲು ಹೊರಟಿತ್ತು. ಕಾಲೇಜು ಪ್ರವೇಶಕ್ಕೆ ಮಾತೂ ಸೇರಿದ ಖಾಸಗಿ ಪರೀಕ್ಷೆಗಳನ್ನು ಬಳಸುವ ಯೋಜನೆ ಅದು. ಪರೀಕ್ಷಾ ಕೇಂದ್ರ ದೂರವಿರುವ, ಶುಲ್ಕ ಕಟ್ಟಲಾಗದ ಮಕ್ಕಳ ಗತಿ ಏನು ಎಂಬ ಪ್ರಶ್ನೆ ಎದ್ದು 2019ರ ನವೆಂಬರ್‌ನಲ್ಲಿ ಅದನ್ನು ಮುಂದೂಡಿದರು. 2021ರಲ್ಲಿ ಕೈಬಿಟ್ಟರು.

ಪರೀಕ್ಷೆ ಏನು ಕೇಳುವುದಿಲ್ಲವೋ ಅದು ತರಗತಿಯಲ್ಲಿ ನಡೆಯುವುದಿಲ್ಲ. ಹಾಗಾದರೆ ಪರೀಕ್ಷೆ ಬದಲಿಸಿದರೆ ಪಾಠವೂ ಬದಲಾಗುತ್ತದಾ? ಶ್ರೀಲಂಕಾದಲ್ಲಿ ಇದನ್ನು ನೋಡಿದ್ದಾರೆ. ಅಲ್ಲಿ ಒ ಲೆವೆಲ್ ಎಂಬ ಹೈಸ್ಕೂಲ್ ಮಟ್ಟದ ಇಂಗ್ಲಿಷ್ ಪರೀಕ್ಷೆಯನ್ನು ಹೊಸ ರೀತಿಗೆ ತಿರುಗಿಸಿದ ಮೇಲೆ ಸಂಶೋಧಕರಾದ ಡಯಾನ್ ವಾಲ್ ಮತ್ತು ಚಾರ್ಲ್ಸ್ ಆಲ್ಡರ್ಸನ್ ತರಗತಿಗಳ ಒಳಗೆ ಏನಾಗುತ್ತಿದೆ ಎಂದು ಗಮನಿಸಿದರು. ಏನನ್ನು ಕಲಿಸುತ್ತಾರೆ ಎಂಬುದು ಬದಲಾಗಿತ್ತು. ಹೇಗೆ ಕಲಿಸುತ್ತಾರೆ ಎಂಬುದು ಹಾಗೇ ಇತ್ತು. ಹೊಸ ಬಗೆಯ ಪ್ರಶ್ನೆಗೂ ಹಳೆಯ ರೀತಿಯಲ್ಲೇ ತಯಾರಿ ಸಾಧ್ಯ ಅಂತಾಯಿತು. ಪರೀಕ್ಷೆ ಟೀಚರಿಗೆ ಒತ್ತಡ ಕೊಡಬಲ್ಲದು, ಧೈರ್ಯ ಕೊಡಲಾರದು.

ಧೈರ್ಯದ ಕೊರತೆ ಮೇಜಿನ ಎರಡೂ ಕಡೆ ಇದೆ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಗೆಳೆಯರ ಎದುರು ತಪ್ಪು ಮಾತಾಡುವುದಕ್ಕಿಂತ ದೊಡ್ಡ ಅವಮಾನ ಇಲ್ಲ. ಟೀಚರ್ ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದರು. ಸರಾಸರಿ ಒಂದು ಸೆಕೆಂಡು. ಅದು ವಿಜ್ಞಾನದ ತರಗತಿ, ಅದೂ ಮಕ್ಕಳು ರೂಢಿಯಲ್ಲಿ ಆಡುವ ಭಾಷೆಯಲ್ಲಿ. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಪರಭಾಷೆಯಲ್ಲಿ ಪ್ರಶ್ನೆ ಅರ್ಥ ಮಾಡಿಕೊಂಡು, ಉತ್ತರ ಯೋಚಿಸಿ, ಪದ ಹುಡುಕಿ, ನಾಚಿಕೆ ನುಂಗಿಕೊಳ್ಳಬೇಕಾದ ಹುಡುಗನಿಗೆ ಒಂದು ಸೆಕೆಂಡಿನಲ್ಲಿ ಏನಾಗುತ್ತದೆ? ಪಕ್ಕದವನು ಕೈ ಎತ್ತಿರುತ್ತಾನೆ. ಅಷ್ಟೇ.

ಇತ್ತ ಎಷ್ಟೋ ಟೀಚರುಗಳೂ ಇದೇ ಪದ್ಧತಿಯಲ್ಲಿ ಕಲಿತು ಬಂದವರು. ಮಕ್ಕಳು ಎಲ್ಲಿಗೆ ಬೇಕಾದರೂ ಮಾತು ಎಳೆದರೆ ತಮಗೇ ಪದ ಸಿಗದಿದ್ದರೆ ಎಂಬ ಭಯ ಅವರಿಗಿದೆ. ಪಾಠ, ಪ್ರಶ್ನೆ, ನೋಟ್ಸ್ ಎಂಬ ಬೇಲಿಯೊಳಗೆ ಆ ಭಯ ಇಲ್ಲ. ಇದನ್ನು ಸೋಮಾರಿತನ ಅನ್ನುವುದು ಅನ್ಯಾಯ.

ಧೈರ್ಯ ಮಾಡಿ ಜೋಡಿ ಮಾತಿಗೆ ಬಿಡುವ ಟೀಚರಿಗೆ ಇನ್ನೊಂದು ಕಾಟ. ಹತ್ತು ನಿಮಿಷ ಪಕ್ಕದವರ ಜೊತೆ ಮಾತಾಡಿ ಎಂದರೆ ಪ್ರತಿ ಮಗುವಿಗೂ ಐದು ನಿಮಿಷ ಸಿಗುತ್ತದೆ. ಆ 15 ಸೆಕೆಂಡಿನ ಇಪ್ಪತ್ತು ಪಟ್ಟು. ಪ್ರಭು ಅವರ ಅಳುಕು ನೆನಪಿಟ್ಟುಕೊಂಡೂ ನಾನು ಇದರ ಪರ. ಅರ್ಧ ತಪ್ಪಾದ ಐದು ನಿಮಿಷ, ಪೂರ್ತಿ ಸರಿಯಾದ 15 ಸೆಕೆಂಡಿಗಿಂತ ಮೇಲು. ಆದರೆ ಆ ಹತ್ತು ನಿಮಿಷ ತರಗತಿ ಸಂತೆಯಾಗುತ್ತದೆ. ಗದ್ದಲ ಏನು ಎಂದು ಹೆಡ್‌ಮಾಸ್ಟರ್ ಕೇಳುತ್ತಾರೆ. ಸಂಜೆ ಮನೆಯಲ್ಲಿ ನೋಟ್‌ಬುಕ್ ತೆರೆದ ಅಪ್ಪ ಅಮ್ಮ 'ಇವತ್ತು ಏನೂ ಬರೆಸಿಲ್ವಲ್ಲ' ಅನ್ನುತ್ತಾರೆ. ಮಾತಿಗೆ ಗುರುತು ಉಳಿಯುವುದಿಲ್ಲ. ಇನ್‌ಸ್ಪೆಕ್ಟರ್ ಬಂದಾಗ ತೋರಿಸಲು ಬೇಕಾಗುವುದು ಬರೆದ ಪುಟಗಳು. ಶಾಲೆಯ ಕಣ್ಣಿಗೆ ಕಾಣುವ ಕಲಿಕೆ ಎಂದರೆ ತುಂಬಿದ ನೋಟ್‌ಬುಕ್.

ಈಗ ಆ ನೋಟ್‌ಬುಕ್ಕಿಗೇ ಕುತ್ತು ಬಂದಿದೆ. ಗೂಗಲ್ ಅನುವಾದ 2016ರಲ್ಲಿ ಹೊಸ ತಂತ್ರಕ್ಕೆ ಬದಲಾದ ಮೇಲೆ ಬಹಳ ಸುಧಾರಿಸಿತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಮನೆಗೆ ಕೊಟ್ಟ ಪ್ರಬಂಧ, ಪತ್ರ, ಸಾರಾಂಶ ಎಲ್ಲವೂ ಅರ್ಧ ನಿಮಿಷದ ಕೆಲಸ. ತಪ್ಪೇ ಇಲ್ಲದ ಇಂಗ್ಲಿಷ್. ಹುಡುಗ ಅದನ್ನು ಅಂದವಾಗಿ ನಕಲು ಮಾಡಿ ತರುತ್ತಾನೆ, ಟೀಚರ್ ಕೆಂಪು ಪೆನ್ನಿನಲ್ಲಿ 'ಗುಡ್' ಬರೆಯುತ್ತಾರೆ. ಈ ಇಡೀ ವ್ಯವಹಾರದಲ್ಲಿ ಇಂಗ್ಲಿಷಿನಲ್ಲಿ ಯೋಚಿಸಿದವರು ಯಾರೂ ಇಲ್ಲ.

ಅದೇ ಯಂತ್ರ ಒಬ್ಬಂಟಿ ಹುಡುಗಿಯ ಜೊತೆ ರಾತ್ರಿ ಹತ್ತು ಗಂಟೆಗೂ ಇಂಗ್ಲಿಷಿನಲ್ಲಿ ಮಾತಾಡುತ್ತದೆ ಎಂಬುದೂ ನಿಜ. ತಪ್ಪಿದರೆ ನಗುವುದಿಲ್ಲ. ನಾಚಿಕೆಯ ವಯಸ್ಸಿನವರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಫೋನು, ಇಂಟರ್‌ನೆಟ್ಟು, ತನ್ನಷ್ಟಕ್ಕೆ ತಾನು ಕೂತು ಮಾಡುವ ಹಟ, ಮೂರೂ ಇರುವವರಿಗೆ ಮಾತ್ರ ಅದು ಸಿಗುತ್ತದೆ. ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆ 2025ರ ಸುತ್ತಿನಲ್ಲಿ ಮೊದಲ ಬಾರಿಗೆ ವಿದೇಶಿ ಭಾಷೆಯಾಗಿ ಇಂಗ್ಲಿಷನ್ನೂ ಸೇರಿಸಿಕೊಂಡಿತು, ಒಪ್ಪಿದ ದೇಶಗಳಿಗೆ ಮಾತ್ರ. ಅದರಲ್ಲಿ ಓದು, ಆಲಿಸುವಿಕೆಯ ಜೊತೆ ಮಾತೂ ಇದೆ, ಮನೆಯಿಂದ ಬರೆದು ತರುವುದು ಏನೂ ಇಲ್ಲ.

ಮನೆಗೆಲಸ ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ. ಮರುದಿನ ಅದನ್ನು ತಿದ್ದುವ ಬದಲು ಹೀಗೆ ಮಾಡಬಹುದು. ಎಲ್ಲರೂ ನೋಟ್‌ಬುಕ್ ಮುಚ್ಚಿ. ಏನು ಬರೆದಿದ್ದೀರೋ ಅದನ್ನು ಪಕ್ಕದವರಿಗೆ ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳಿ. ಕೇಳಿದವರು ಒಂದು ಪ್ರಶ್ನೆ ಕೇಳಬೇಕು. ಆಮೇಲೆ ಸರದಿ ಬದಲು. ಬೆಂಚುಗಳ ನಡುವೆ ಒಂದು ಸುತ್ತು ಬರುವಷ್ಟರಲ್ಲಿ ಯಾರ ಪ್ರಬಂಧ ಯಾರು ಬರೆದದ್ದು ಎಂದು ಟೀಚರಿಗೆ ಹೆಚ್ಚುಕಡಿಮೆ ಗೊತ್ತಾಗಿರುತ್ತದೆ. ಫೋನಿನಿಂದ ನಕಲು ಮಾಡಿದವನೂ ಅಷ್ಟರಲ್ಲಿ ಎರಡು ನಿಮಿಷ ತಡವರಿಸಿ ಮಾತಾಡಿರುತ್ತಾನೆ. ತಲೆಗೆ 15 ಸೆಕೆಂಡಿನ ಲೆಕ್ಕದಲ್ಲಿ ಅವನ ಎಂಟು ಪೀರಿಯಡ್ಡಿನ ಪಾಲು ಅದು.